ಗರ್ಭಿಣಿ ತಂಗಿಗೆ ಮೀನು ಕೊಡಬಹುದೇ? ಪಾದರಸದ ಭಯವಿದೆ, ಯಾವುದನ್ನು ಆರಿಸಲಿ?

ಖಂಡಿತ ಕೊಡಿ, ಆದರೆ ಸಣ್ಣ ಮೀನು ಕೊಡಿ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆ ಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ತಿಂದು ಬೆಳೆಯುತ್ತವೆ, ಹೆಚ್ಚು ವರ್ಷ ಬದುಕುವುದಿಲ್ಲ. ಹಾಗಾಗಿ ಪಾದರಸ ಕಡಿಮೆ. ಸಿಗಡಿಯೂ ಆಗಬಹುದು. ವಾರಕ್ಕೆ ಸುಮಾರು 225ರಿಂದ 340 ಗ್ರಾಂ ಸಾಕು.

ದೊಡ್ಡ ಮೀನು ವರ್ಷಗಟ್ಟಲೆ ಸಣ್ಣವನ್ನು ನುಂಗಿ, ಅವುಗಳ ಪಾದರಸವನ್ನೂ ತನ್ನ ಮಾಂಸದಲ್ಲಿ ಕೂಡಿಹಾಕುತ್ತದೆ. ಶಾರ್ಕ್ ಬೇಡವೇ ಬೇಡ. ದೊಡ್ಡ ಅಂಜಲ್‌ನ ತುಂಡು ಎಷ್ಟೇ ರುಚಿಯಾದರೂ ಹೆರಿಗೆಯಾಗುವವರೆಗೆ ಬದಿಗಿಡಿ. ಹುಳಿ ಹಾಕಿ ತೊಳೆದರೂ, ಕಾವಲಿಯಲ್ಲಿ ಗರಿಗರಿ ಹುರಿದರೂ ಪಾದರಸ ಹೋಗದು.

ಕಡಲಿನ ಬಗ್ಗೆಯೂ ಕಾಳಜಿಯಿದ್ದರೆ ಬೆರಳುದ್ದದ ಬಂಗುಡೆ ಮರಿಗಳನ್ನು ಅಗ್ಗವೆಂದು ಕೊಳ್ಳಬೇಡಿ, ಅವು ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ವೇಳೆ ನಾಡದೋಣಿಯವರು ತಂದ ಮೀನನ್ನೇ ಕೇಳಿ ತೆಗೆದುಕೊಳ್ಳಿ.