ಬೋಲ್ಟ್ ಬಿಗಿ ಮಾಡಿದರೆ ಸಾಕಾ, ಹೊಸ ಕೀ ಬೇಕಾ?

ನಿಮ್ಮ 2006ರ ಶೆವರ್ಲೆ ಪಿಕಪ್ ಸಿಲ್ವರಾಡೊ 2500 ಎಚ್‌ಡಿ ಮುಂಭಾಗ 2 ಇಂಚು ಮೇಲೇಳಬೇಕು, ಅದಕ್ಕೆ ಬೇರೆ ಟಾರ್ಷನ್ ಕೀ ಹಾಕಿಸಲೇಬೇಕಾ ಅಂತ ಕೇಳಿದ್ದೀರಿ. ಈ ಗಾಡಿಯ ಮುಂಭಾಗದಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ತಿರುಚಿಕೊಳ್ಳುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. ಅದರ ತುದಿಯನ್ನು ಹಿಡಿದಿರುವ ಸಣ್ಣ ತೋಳೇ ಕೀ, ಆ ಕೀಯನ್ನು ಒತ್ತಿ ಎತ್ತರ ಹೊಂದಿಸುವುದು ಬೋಲ್ಟ್.

ಮೊದಲು ಈಗಿರುವ ಬೋಲ್ಟನ್ನೇ ಬಿಗಿ ಮಾಡಿ ನೋಡಿ. ಅದು ಪೂರ್ತಿ ಒಳಗೆ ಹೋದ ಮೇಲೂ ಎತ್ತರ ಸಾಲದಿದ್ದರೆ ಮಾತ್ರ ಕೀ. ಎತ್ತರ ಒಂದೇ ಆದರೆ ಎರಡರಲ್ಲೂ ಸವಾರಿ ಒಂದೇ.

ಬಿಗಿ ಮಾಡಿದರೆ ಬಾರ್ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಬಾರ್ ಅದೇ, ಗಾಡಿಯ ತೂಕವೂ ಅದೇ. ಚಕ್ರವನ್ನು ಫ್ರೇಮಿಗೆ ಸೇರಿಸುವ ಕಂಟ್ರೋಲ್ ಆರ್ಮ್ ನಿಲ್ಲುವ ಕೋನ ಮಾತ್ರ ಬದಲಾಗುತ್ತದೆ. ಮತ್ತೆ ಕುಲುಕಾಟ ಯಾಕೆ ಜಾಸ್ತಿ? ಚಕ್ರ ಕೆಳಗಿಳಿಯಲು ಇದ್ದ ಜಾಗ ಕಮ್ಮಿಯಾಗಿ, ಗುಂಡಿ ಬಂದಾಗೆಲ್ಲ ಮೇಲಿನ ಆರ್ಮ್ ರಬ್ಬರ್ ಸ್ಟಾಪ್‌ಗೆ ಬಡಿಯುತ್ತದೆ. ಗಾಡಿ ನೆಲದ ಮೇಲೆ ನಿಂತಾಗಲೇ ಆರ್ಮ್ ಆ ರಬ್ಬರಿಗೆ ತಾಗುತ್ತಿದ್ದರೆ ಸ್ವಲ್ಪ ಇಳಿಸಿಬಿಡಿ. ನಿಮ್ಮದು 4x4 ಅಲ್ವಾ, ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಒಯ್ಯುವ ಸಿವಿ ಜಾಯಿಂಟ್‌ಗಳ ಕೋನವೂ ಹೆಚ್ಚಾಗಿ ಬೇಗ ಸವೆಯುತ್ತವೆ. ನನ್ನ ಕೇಳಿದರೆ ಒಂದೂವರೆ ಇಂಚಿಗೆ ನಿಲ್ಲಿಸಿ.

ತಿರುಗಿಸುವ ಮುಂಚೆ ಎರಡೂ ಕಡೆ ಎತ್ತರ ಅಳೆದು ಬರೆದಿಡಿ. ಫ್ರೇಮಿಗೆ ಜ್ಯಾಕ್ ಕೊಟ್ಟು ಭಾರ ಇಳಿಸಿಕೊಂಡರೆ ಬೋಲ್ಟ್ ಸುಲಭವಾಗಿ ತಿರುಗುತ್ತದೆ. ಆಮೇಲೆ ಸ್ವಲ್ಪ ಓಡಿಸಿ, ಮತ್ತೆ ಅಳೆದು, ಅಲೈನ್‌ಮೆಂಟ್ ಮಾಡಿಸಿ. ಬಿಟ್ಟರೆ ಟೈರ್ ಒಂದು ಅಂಚಿನಲ್ಲೇ ಸವೆಯುತ್ತದೆ. ಹೆಡ್‌ಲೈಟ್ ಕೂಡ ತಗ್ಗಿಸಿ.

ಕೀ ಬಿಚ್ಚಲೇಬೇಕಾದರೆ ಬಾರಿನ ಬಿಗಿತ ಇಳಿಸಲೆಂದೇ ಇರುವ ಅನ್‌ಲೋಡಿಂಗ್ ಟೂಲ್ ತನ್ನಿ. ದಯವಿಟ್ಟು ಸಿ-ಕ್ಲ್ಯಾಂಪ್ ಬಳಸಬೇಡಿ. ತಿರುಚಿಕೊಂಡ ಬಾರ್ ಜಾರಿದರೆ ಕೈ ಮುರಿಯುವಷ್ಟು ಬಲವಿರುತ್ತದೆ.