ಸುಳ್ಳಲ್ಲದ ಮಾತಿನ ಮೇಲೆ ದೂರು ಕೊಡಬಹುದೇ?

ವಿಶ್ವವಿದ್ಯಾಲಯದ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಬರುವವರು ಬೇರೆ, ಬೆದರಿಸುವವರು ಬೇರೆ. ಬೆದರಿಕೆ ಮಾತ್ರ ಒಂದೇ: "ಹೇಳಿದ ಹಾಗೆ ಕೇಳು, ಇಲ್ಲಾಂದ್ರೆ ನಿಮ್ಮ ಮನೆಗೆ ಹೇಳ್ತೀನಿ." ಸಲಿಂಗಿ, ಟ್ರಾನ್ಸ್ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಏನು ನೆರವು ಕೊಡಬೇಕು ಅಂತ ಮಾತು ಬಂದಾಗ ಸಂಘ, ಕಾರ್ಯಕ್ರಮ, ಬಾವುಟ ಎಲ್ಲ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ಇನ್ನೂ ಯಾರಿಗೂ ಹೇಳಿಕೊಳ್ಳದ, ಹೇಳಿಕೊಳ್ಳಲು ಸದ್ಯಕ್ಕೆ ಆಗದ ವಿದ್ಯಾರ್ಥಿಗೆ ಏನು ಸಿಗುತ್ತದೆ ಅನ್ನುವುದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಈ ಬರಹ ಅವರಿಗಾಗಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕೆಲವು ಕಡೆ ಬೇರೆಯವರ ಅನುಭವವನ್ನೂ ಸೇರಿಸಿದ್ದೇನೆ.

ಸ್ನಾತಕೋತ್ತರ ವಿದ್ಯಾರ್ಥಿನಿ. ಹಾಸ್ಟೆಲ್ ವಾಸ. ಓದಿನ ಖರ್ಚೆಲ್ಲ ಅಪ್ಪನದು. ಬೇರೆ ಊರಿನ ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿದ್ದಳು. ರೂಮ್‌ಮೇಟ್ ಒಂದು ದಿನ ಈಕೆಯ ಫೋನಿನಲ್ಲಿದ್ದ ಮೆಸೇಜುಗಳನ್ನು ಓದಿ, ಅವುಗಳ ಫೋಟೊ ತೆಗೆದಿಟ್ಟುಕೊಂಡಳು. ಮೊದಲು ಒಂದು ಅಸೈನ್‌ಮೆಂಟ್ ಬರೆದುಕೊಡು ಅಂದಳು. ಆಮೇಲೆ ಎಲ್ಲ ಅಸೈನ್‌ಮೆಂಟುಗಳೂ ಈಕೆಯ ತಲೆಗೇ ಬಂದವು. ಕೊನೆಗೆ ಪ್ರಾಜೆಕ್ಟ್ ವರದಿಯೂ ಬಂತು. ಈಕೆ ಆಗಲ್ಲ ಅಂದಾಗ, "ಸರಿ, ನಿಮ್ಮಪ್ಪನ ನಂಬರ್ ನನ್ನ ಹತ್ತಿರ ಇದೆ" ಅನ್ನುವ ಉತ್ತರ.

ಈಕೆ ನನ್ನ ಹತ್ತಿರ ಬಂದದ್ದು ಬೆದರಿಕೆಯಿಂದ ಪಾರಾಗಲು ಅಲ್ಲ. ಮನೆಯವರಿಗೆ ತಾನೇ ಹೇಗೆ ಹೇಳಬೇಕು ಅಂತ ಕೇಳಲು. "ಅವಳ ಬಾಯಿಂದ ತಿಳಿಯೋದಕ್ಕಿಂತ ನಾನೇ ಹೇಳೋದು ಮೇಲು ಅಲ್ವಾ ಮೇಡಂ?" ಅಪ್ಪನಿಗೆ ಬರೆದ ಪತ್ರವನ್ನೂ ತಂದಿದ್ದಳು. ಒಳ್ಳೆಯ ಪತ್ರ. ಆದರೆ ಅದರಲ್ಲಿ ಸಾಲುಸಾಲಿಗೂ ಕ್ಷಮೆ ಕೇಳಿದ್ದಳು.

ಸಾಯುವ ಯೋಚನೆ ಬರುತ್ತಿದೆಯಾ ಅಂತ ನಾನು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಹೆದರಿಕೆಗೆ ಆಧಾರವಿಲ್ಲ. ಕೇಳದೆ ಬಿಡುವುದೇ ಅಪಾಯ. "ಹಾಗೇನಿಲ್ಲ, ಆದರೆ ನಿದ್ದೆ ಬರ್ತಿಲ್ಲ" ಅಂದಳು. ಜೀವಕ್ಕೆ ಅಪಾಯವಿದ್ದಾಗ ಬಿಟ್ಟರೆ ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಅಂತ ಹೇಳಿ, ರಿಜಿಸ್ಟರ್‌ನಲ್ಲಿ ಏನು ಬರೆಯುತ್ತೇನೆ ಅನ್ನುವುದನ್ನೂ ತೋರಿಸಿದೆ. 'ಹಾಸ್ಟೆಲ್ ಸಹವಾಸಿಯಿಂದ ತೊಂದರೆ' ಅಂತಷ್ಟೇ. ಅದನ್ನು ಓದಿದ ಮೇಲೆ ಅವಳು ಕುರ್ಚಿಯಲ್ಲಿ ಸರಿಯಾಗಿ ಕುಳಿತಳು.

ಆಮೇಲೆ ನಡೆದ ಮಾತನ್ನು ಆದಷ್ಟು ಹಾಗೇ ಕೊಡುತ್ತೇನೆ.

"ಅವಳ ಮೇಲೆ ದೂರು ಕೊಡುವ ಯೋಚನೆ ಬರಲಿಲ್ಲವಾ?"

"ಹೇಗೆ ಕೊಡಲಿ? ದೂರು ಕೊಟ್ಟರೆ ಅವಳು ಹೇಳ್ತಿರೋದು ಸುಳ್ಳು ಅನ್ನಬೇಕಾಗುತ್ತೆ. ಸುಳ್ಳಲ್ವಲ್ಲ ಮೇಡಂ."

"ಸುಳ್ಳು ಅಂತ ಹೇಳಲು ನಿಮಗೆ ಯಾರು ಹೇಳಿದರು?"

"ಕೇಳ್ತಾರಲ್ಲ. ನಿಜಾನಾ ಅಂತ."

"ಕೇಳಬಹುದು. ನೀವು ಉತ್ತರ ಕೊಡಬೇಕಾಗಿಲ್ಲ. ಯಾರದೋ ಡೈರಿ ಕದ್ದು, 'ನನ್ನ ಕೆಲಸ ಮಾಡಿಕೊಡು, ಇಲ್ಲಾಂದ್ರೆ ಓದಿ ಹೇಳ್ತೀನಿ' ಅಂದರೆ, ಡೈರಿಯಲ್ಲಿ ಏನಿದೆ ಅನ್ನುವುದು ತಪ್ಪಾಗುತ್ತಾ?"

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಗುವೂ ಅಳುವೂ ಬೆರೆತ ದನಿಯಲ್ಲಿ, "ಇಷ್ಟು ದಿನ ನಾನೇ ಆರೋಪಿ ಅಂದುಕೊಂಡಿದ್ದೆ" ಅಂದಳು.

ಆ ದಿನ ಉಳಿದ ಹೊತ್ತೆಲ್ಲ ದೂರಿನ ಪತ್ರ ಬರೆಯುವುದರಲ್ಲೇ ಹೋಯಿತು. ಅಪ್ಪನಿಗೆ ಬರೆದ ಪತ್ರ ಪಕ್ಕಕ್ಕೆ ಸರಿಯಿತು. ದೂರಿನ ಒಕ್ಕಣೆ ಸರಳ: ನನ್ನ ಅನುಮತಿ ಇಲ್ಲದೆ ನನ್ನ ಫೋನ್ ನೋಡಿ, ಖಾಸಗಿ ಮೆಸೇಜುಗಳ ಫೋಟೊ ತೆಗೆದಿದ್ದಾರೆ. ಅವನ್ನು ಮನೆಗೆ ಕಳಿಸುವುದಾಗಿ ಹೆದರಿಸಿ ಅಸೈನ್‌ಮೆಂಟ್ ಬರೆಸಿಕೊಂಡಿದ್ದಾರೆ. ದಿನಾಂಕಗಳು ಇವು, ಬೆದರಿಕೆಯ ಮೆಸೇಜುಗಳು ಇವು. ಮೆಸೇಜುಗಳಲ್ಲಿ ಪ್ರೀತಿಯ ಮಾತಿತ್ತೋ, ಪಾಠದ ಮಾತಿತ್ತೋ ಅನ್ನುವುದಕ್ಕೆ ಆ ಪತ್ರದಲ್ಲಿ ಜಾಗವೇ ಇರಲಿಲ್ಲ. ಮೌಖಿಕವಾಗಿ ಕೇಳಿದರೆ ಹೇಳಲು ಒಂದೇ ವಾಕ್ಯ ಕಲಿಸಿದೆ: "ಅದು ಖಾಸಗಿ, ಈ ದೂರಿಗೆ ಬೇಕಾಗಿಲ್ಲ." ಸುಮ್ನೆ ಹೇಳಿಕೊಟ್ಟು ಬಿಡಲಿಲ್ಲ. ನಾನು ಅಧಿಕಾರಿಯ ಹಾಗೆ ಕುಳಿತು ಮತ್ತೆ ಮತ್ತೆ ಕೇಳಿದೆ, ಅವಳ ದನಿ ನಡುಗದೆ ಬರುವ ತನಕ.

ಮನೆಗೆ ಈಗ ಹೇಳಬೇಡಿ ಅಂತಲೂ ಸಲಹೆ ಕೊಟ್ಟೆ. ಇದಕ್ಕೇ ಆಮೇಲೆ ನನ್ನ ಮೇಲೆ ಆಕ್ಷೇಪ ಬಂದದ್ದು.

ವಿದ್ಯಾರ್ಥಿ ಸಂಘದಲ್ಲಿ ಕೆಲಸ ಮಾಡುವ, ನನಗೆ ಗೌರವವಿರುವ ಒಬ್ಬರು, "ನೀವು ಮಕ್ಕಳಿಗೆ ಬಚ್ಚಿಟ್ಟುಕೊಳ್ಳೋದನ್ನ ಕಲಿಸ್ತೀರಿ" ಅಂದರು. ಆಗ ಮಾತಾಡುತ್ತಿದ್ದದ್ದು ಇಂಥ ಸಲಹೆಯ ಬಗ್ಗೆ, ಈ ಹುಡುಗಿಯ ಬಗ್ಗೆ ಅಲ್ಲ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ಸಲಿಂಗಿಗಳಂಥ ಲೈಂಗಿಕ ಅಲ್ಪಸಂಖ್ಯಾತರ ಮಾನಸಿಕ ಒತ್ತಡದ ಬಗ್ಗೆ ಬರೆದಾಗ, ಬಚ್ಚಿಡುವುದನ್ನೂ ಒತ್ತಡದ ಒಂದು ಮೂಲವೆಂದೇ ಸೇರಿಸಿದರು. ದಿನವೂ ಮಾತು ಅಳೆದು ಆಡುವುದು, ಫೋಟೊ ಅಳಿಸುವುದು, ಹೆಸರು ಬದಲಿಸಿ ಹೇಳುವುದು ಮನುಷ್ಯರನ್ನು ಸವೆಸುತ್ತದೆ. ನಾನು ಅದನ್ನು ದಿನಾ ನೋಡುತ್ತೇನೆ.

ಆದರೆ ಇನ್ನೊಂದು ಪಕ್ಕವೂ ಇದೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಿ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದೆ ಅಂದವರು, ತಿರಸ್ಕಾರ ಕಾಣದ ಅಥವಾ ಅಷ್ಟಾಗಿ ಕಾಣದವರಿಗಿಂತ 8.4 ಪಟ್ಟು ಹೆಚ್ಚಿದ್ದರು. ತಿರಸ್ಕಾರ ಬರಲೇಬೇಕೆಂದಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಒಂದಷ್ಟು ದಿನ ಕುಸಿದು, ಆಮೇಲೆ ಮಗುವಿನ ಪಕ್ಕ ನಿಲ್ಲುತ್ತಾರೆ. ಆದರೆ ಅದು ಬಂದರೆ ತಡೆದುಕೊಳ್ಳಲು ಏನಿದೆ ಅಂತ ಮೊದಲು ನೋಡಬೇಕು. ಈಕೆಯ ಹತ್ತಿರ ಏನೂ ಇರಲಿಲ್ಲ. ಮುಂದಿನ ಶುಲ್ಕ ಅಪ್ಪ ಕಟ್ಟಬೇಕು. ಮೂಲ ಪ್ರಮಾಣಪತ್ರಗಳು ಮನೆಯ ಕಪಾಟಿನಲ್ಲಿ. ಹಾಸ್ಟೆಲ್ ಬಿಟ್ಟರೆ ಮಲಗಲು ಜಾಗವಿಲ್ಲ. ಇಂಥ ಸ್ಥಿತಿಯಲ್ಲಿ, ಅದೂ ಬೇರೊಬ್ಬರು ಹಾಕಿದ ಗಡುವಿಗೆ ಹೆದರಿ ಹೇಳುವ ಮಾತನ್ನು ಧೈರ್ಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸಲಿಂಗಿಗಳಿಗೆ ಜೈಲು ಶಿಕ್ಷೆ ಇರುವ ದೇಶಗಳು ಇವತ್ತಿಗೂ ಇವೆ. ಅಲ್ಲಿನ ಸಲಹೆಗಾರರು ನನಗಿಂತ ಜಾಸ್ತಿ ಎಚ್ಚರದಿಂದ ಮಾತಾಡಬೇಕಾಗುತ್ತದೆ.

ಬಚ್ಚಿಡುವುದು ಹೋರಾಟಕ್ಕೆ ದ್ರೋಹ ಅನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ವಿಶ್ವವಿದ್ಯಾಲಯವೊಂದು ಸಲಿಂಗಿ ವಿದ್ಯಾರ್ಥಿಗಳ ಸಂಘಕ್ಕೆ ಮೊದಲು ಮಾನ್ಯತೆ ಕೊಟ್ಟದ್ದು 1967ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ. ಮಾನ್ಯತೆಗೆ ಸದಸ್ಯರ ಹೆಸರಿನ ಪಟ್ಟಿ ಬೇಕಿತ್ತು. ಪಟ್ಟಿಯಲ್ಲಿ ಹೆಸರು ಬಂದರೆ ಬದುಕೇ ಹಾಳಾಗುವ ಕಾಲ ಅದು. ಸಂಘ ಕಟ್ಟಿದ ವಿದ್ಯಾರ್ಥಿ, ಕ್ಯಾಂಪಸ್ಸಿನ ಹೆಸರಾಂತ ವಿದ್ಯಾರ್ಥಿ ನಾಯಕರನ್ನು ನೆಪಮಾತ್ರದ ಸದಸ್ಯರಾಗಲು ಒಪ್ಪಿಸಿದರು. ಪಟ್ಟಿ ಭರ್ತಿಯಾಯಿತು. ಹೆದರುತ್ತಿದ್ದವರ ಹೆಸರು ಹೊರಗೆ ಬರಲಿಲ್ಲ. ಆ ವಿದ್ಯಾರ್ಥಿ ಕೂಡ ಸ್ಟೀಫನ್ ಡೊನಾಲ್ಡ್‌ಸನ್ ಅನ್ನುವ ಬೇರೆ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದರು. ಬೇರೆಯವರು ತಮ್ಮ ಹೆಸರು ಕೊಟ್ಟು ನೆರಳಾದದ್ದರಿಂದಲೇ ಆ ಸಂಘ ನಿಂತಿತು. ಅದನ್ನು ಯಾರೂ ಹೇಡಿತನ ಅನ್ನುವುದಿಲ್ಲ.

ಹೇಳಬೇಡಿ ಅಂದಷ್ಟಕ್ಕೆ ನನ್ನ ಕೆಲಸ ಮುಗಿಯಲಿಲ್ಲ. ರೂಮ್‌ಮೇಟ್ ನಿಜವಾಗಿಯೂ ಅಪ್ಪನಿಗೆ ಫೋನ್ ಮಾಡಿಬಿಟ್ಟರೆ? ಅದಕ್ಕೂ ತಯಾರಿ ಬೇಕು. ಮುಂದಿನ ಸಲ ಮನೆಗೆ ಹೋದಾಗ ಪ್ರಮಾಣಪತ್ರಗಳನ್ನು ತಂದಿಟ್ಟುಕೊಳ್ಳಿ ಅಂದೆ. ಶುಲ್ಕದ ಬಗ್ಗೆ ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿ ವಿಚಾರಿಸಿದೆವು, ಕಾರಣ ಹೇಳದೆಯೇ. ಕೆಲವು ದಿನ ಉಳಿಸಿಕೊಳ್ಳುವ ಗೆಳತಿ ಯಾರು, ಮನೆಯಲ್ಲಿ ಮೊದಲು ಯಾರ ಮನಸ್ಸು ಕರಗೀತು ಅಂತ ಯೋಚಿಸಿದೆವು. ಚಿಕ್ಕಮ್ಮ ಅಂದಳು. ಫೋನಿನ ಪಾಸ್‌ವರ್ಡ್ ಬದಲಿಸಿ, ಬೆದರಿಕೆಯ ಮೆಸೇಜುಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಿಸಿದೆ. ನನ್ನನ್ನು ಬಿಟ್ಟು ಇನ್ನೊಬ್ಬ ಹಿರಿಯರಿಗೆ ವಿಷಯ ಗೊತ್ತಿರಲಿ ಅಂತಲೂ ಕೇಳಿಕೊಂಡೆ. ಅಮೆರಿಕದ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಯ 2019ರ ಸಮೀಕ್ಷೆಯಲ್ಲಿ, ತನ್ನನ್ನು ಒಪ್ಪಿಕೊಂಡ ಹಿರಿಯರು ಒಬ್ಬರಾದರೂ ಇದ್ದಾರೆ ಅಂದ ಎಲ್‌ಜಿಬಿಟಿ (ಸಲಿಂಗಿ, ಟ್ರಾನ್ಸ್ ಮುಂತಾದ) ಯುವಜನರಲ್ಲಿ ಆತ್ಮಹತ್ಯೆ ಯತ್ನ ಶೇ. 40ರಷ್ಟು ಕಡಿಮೆ ಇತ್ತು. ಒಬ್ಬರಿದ್ದರೆ ಎಲ್ಲ ಸರಿಯಾಗುತ್ತದೆ ಅಂತ ಇದರರ್ಥವಲ್ಲ. ಆದರೂ ಒಬ್ಬರನ್ನು ಹುಡುಕುವುದು ಆಗದ ಕೆಲಸವೇನಲ್ಲ. ಈಕೆ ತನ್ನ ಪಾಠದ ಒಬ್ಬ ಮೇಷ್ಟ್ರನ್ನು ಆರಿಸಿಕೊಂಡಳು. ಆತನ ಪ್ರತಿಕ್ರಿಯೆ: "ಸರಿ. ಪ್ರಾಜೆಕ್ಟ್ ವರದಿ ಯಾವಾಗ ಕೊಡ್ತೀಯಾ?" ಅದಕ್ಕಿಂತ ಒಳ್ಳೆಯ ಉತ್ತರ ನಾನೂ ಕೊಡುತ್ತಿರಲಿಲ್ಲ.

ದೂರಿನ ವಿಚಾರಣೆ ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಏನಿತ್ತು ಆ ಮೆಸೇಜಿನಲ್ಲಿ ಅಂತ ಕೇಳಿಯೇ ಕೇಳಿದರು. ಈಕೆ ಕಲಿತ ವಾಕ್ಯ ಹೇಳಿದಳು. ಈಕೆಯನ್ನೇ ಬೇರೆ ರೂಮಿಗೆ ಹಾಕೋಣ ಅಂದರು. ಬೆದರಿಸಿದವರು ಜಾಗ ಬದಲಿಸಲಿ ಅಂತ ನಾನು ಬರೆದುಕೊಟ್ಟೆ, ಕೊನೆಗೆ ಹಾಗೇ ಆಯಿತು. ವಿಚಾರಣೆಯಲ್ಲಿದ್ದ ಒಬ್ಬರು ಮಾತ್ರ ಏನೋ ಊಹಿಸಿಕೊಂಡು, "ಈ ಹುಡುಗಿಗೂ ಸ್ವಲ್ಪ ತಿಳಿಹೇಳಿ, ಚಿಕಿತ್ಸೆ ಏನಾದರೂ ಇದ್ದರೆ ನೋಡಿ" ಅಂದರು. ಯಾವ ವಿದ್ಯಾರ್ಥಿಯ ಬಗ್ಗೆಯೂ ಹಾಗೆ ಊಹೆಯಲ್ಲಿ ಮಾತಾಡುವುದಿಲ್ಲ ಅಂದೆ. ಸಾಮಾನ್ಯವಾಗಿ ಕೇಳುತ್ತಿದ್ದರೆ, ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆದಿದೆ ಅಂತ ಹೇಳಿದೆ. ಕಾಯಿಲೆಯೇ ಅಲ್ಲದ್ದಕ್ಕೆ ನಾನು ಚಿಕಿತ್ಸೆ ಕೊಡುವುದಿಲ್ಲ. 'ಬದಲಾಯಿಸುವ' ಚಿಕಿತ್ಸೆ ಕೊಡುತ್ತೇವೆ ಅನ್ನುವವರ ಹತ್ತಿರ ಮಕ್ಕಳನ್ನು ಕರೆದೊಯ್ಯಬೇಡಿ ಅಂತ ಹೆತ್ತವರಿಗೂ ಹೇಳುತ್ತೇನೆ. ಅದರಿಂದ ಮನಸ್ಸಿಗೆ ಆಗುವ ಗಾಯವನ್ನು ಆಮೇಲೆ ನಮ್ಮಂಥವರು ನೋಡಬೇಕಾಗುತ್ತದೆ.

ರೂಮ್‌ಮೇಟ್ ಮನೆಗೆ ಫೋನ್ ಮಾಡಲಿಲ್ಲ. ಆದರೆ ತರಗತಿಯಲ್ಲಿ ಕೆಲವರ ಕಿವಿಗೆ ಹಾಕಿದಳು. ಒಂದಿಬ್ಬರು ಮಾತು ಬಿಟ್ಟರು. ಇನ್ನೊಬ್ಬಳು ಬಂದು, ನನ್ನದೂ ಇದೇ ಕಥೆ ಅಂದಳಂತೆ. ಮನೆಗೆ ಹೇಳುವ ಮಾತು ಇನ್ನೂ ಬಾಕಿ ಇದೆ. ಕೆಲಸ ಸಿಕ್ಕಿದ ಮೇಲೆ ಯೋಚಿಸಿ ಅಂದೆ. "ಅಷ್ಟು ದಿನ ಕಾಯ್ತೀನೋ ಇಲ್ವೋ ನೋಡೋಣ ಮೇಡಂ" ಅಂದಳು. ಈಗ ಅವಳ ಮುಂದೆ ಯಾರೂ ಹಾಕಿದ ಗಡುವಿಲ್ಲ, ಹಾಗಾಗಿ ನಾನು ವಾದ ಮಾಡಲಿಲ್ಲ.

ವಾರ್ಡನ್, ಅಧ್ಯಾಪಕರು, ವಿದ್ಯಾರ್ಥಿ ಕಲ್ಯಾಣ ವಿಭಾಗದವರು ಇದನ್ನು ಓದುತ್ತಿದ್ದರೆ ನಿಮ್ಮಲ್ಲಿರುವ ಫಾರಂಗಳನ್ನು ಒಮ್ಮೆ ತೆಗೆದು ನೋಡಿ. ಆಪ್ತಸಲಹೆಗೆ ಬಂದ ಕಾರಣ ಯಾರ ಕಣ್ಣಿಗೆ ಬೀಳುತ್ತದೆ? ರೂಮ್ ಬದಲಿಸಿದರೆ ಮನೆಗೆ ಸಂದೇಶ ಹೋಗುತ್ತದಾ, ಅದರಲ್ಲಿ ಕಾರಣ ಬರೆದಿರುತ್ತದಾ? ತಾನು ಆರಿಸಿಕೊಂಡ ಹೆಸರಿನಿಂದ ಕರೆಯಿರಿ ಅಂತ ಟ್ರಾನ್ಸ್ ವಿದ್ಯಾರ್ಥಿಯೊಬ್ಬರು ಕೇಳಿದರೆ, ಮನೆಗೆ ಹೋಗುವ ಪತ್ರದಲ್ಲಿ ಯಾವ ಹೆಸರು ಬರೆಯಬೇಕು ಅಂತ ಅವರನ್ನೇ ಕೇಳಿದ್ದೀರಾ? ಬೆದರಿಕೆಯ ದೂರು ಬಂದಾಗ 'ಅವರು ಹೇಳುತ್ತಿರುವುದು ನಿಜವಾ' ಅನ್ನುವ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ನಿಮ್ಮ ವಿಚಾರಣೆಗೆ ಆ ಉತ್ತರ ಬೇಕಾಗುವುದಿಲ್ಲ.