ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಘಾಟಿಯಲ್ಲಿ ಕಾರಿನ ಪಿಕಪ್ ಜಾಸ್ತಿ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳುತ್ತಿದ್ದೆ. ನೀವು ಸಾಗರದವರು, 1.2 ಲೀಟರ್ ಪೆಟ್ರೋಲ್ ಕಾರು, ತಿಂಗಳಿಗೆ ಎರಡು ಸಲ ಕುಂದಾಪುರಕ್ಕೆ ಹೋಗಿ ವಾಪಸ್ ಬರುವಾಗ ಹುಲಿಕಲ್ ಘಾಟಿಯಲ್ಲಿ ದಮ್ ಸಾಲುತ್ತಿಲ್ಲ. ಅಂಗಡಿಯವರು ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿ, 10 ಎಚ್‌ಪಿ ಏರುತ್ತದೆ ಎಂದಿದ್ದಾರೆ. ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ಎಳೆದು ಕೊಡಲು ಅಂತ ಮಾರುವ ಪೈಪು, ಫಿಲ್ಟರಿನ ಕಿಟ್ ಅದು. ಹಾಕಿಸಲಾ ಬೇಡವಾ ಅಂತ ಕೇಳಿದ್ದೀರಿ.

ಬೇಡ. 10 ಎಚ್‌ಪಿ ಬರುವುದಿಲ್ಲ. ಒಂದೋ ಒಂದೂವರೆಯೋ ಬಂದರೆ ಪುಣ್ಯ. ಕೆಲವು ಕಿಟ್ ಹಾಕಿದರೆ ಇದ್ದದ್ದೂ ಸ್ವಲ್ಪ ಹೋಗುತ್ತದೆ. ನನ್ನದು ಆ ಎರಡನೇ ಜಾತಿಯದು.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಕಾರು ಹೆಚ್ಚುಕಮ್ಮಿ ನಿಮ್ಮದರ ಹಾಗೇ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ 1.2 ಲೀಟರ್ ಪೆಟ್ರೋಲ್. ಉಡುಪಿಯಿಂದ ಬರುವಾಗ ಆಗುಂಬೆ ಘಾಟಿ. ಆನ್‌ಲೈನ್‌ನಲ್ಲಿ 6,500 ರೂಪಾಯಿ ಕೊಟ್ಟು ಒಂದು ಕಿಟ್ ತರಿಸಿದೆ. ಮಿರಮಿರ ಮಿಂಚುವ ಅಲ್ಯೂಮಿನಿಯಂ ಪೈಪು, ಕೋನ್ ಆಕಾರದ ಕೆಂಪು ಫಿಲ್ಟರ್, ನಾಲ್ಕು ಕ್ಲಿಪ್ಪು. ನಮ್ಮ ಮೆಕ್ಯಾನಿಕ್ ಅದನ್ನು ಆಚೆ ಈಚೆ ತಿರುಗಿಸಿ ನೋಡಿ, "ಎಂತಕ್ಕೆ ಮಾರಾಯ್ರೇ ಇದು?" ಅಂದರು. ನಾನು ತಂಪು ಗಾಳಿಯ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದೆ. ಪಾಪ, ಸುಮ್ಮನೆ ಹಾಕಿಕೊಟ್ಟರು. ಮನೆ ಅಂಗಳಕ್ಕೆ ಕಾರು ತಂದಾಗ ಅಪ್ಪಯ್ಯ ಜಗುಲಿಯಿಂದಲೇ ಕೇಳಿದರು: "ಸೈಲೆನ್ಸರ್ ಒಡೆದು ಹೋಯ್ತನಾ?"

ನಾನು ಬಿಗಿದ ಭಾಷಣ ಪೂರ್ತಿ ಸುಳ್ಳಲ್ಲ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ. ಅಷ್ಟೇ ಜಾಗದಲ್ಲಿ ಆಮ್ಲಜನಕ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲ್ ಜಾಸ್ತಿ ಸುಡಬಹುದು. 30 ಡಿಗ್ರಿಯ ಗಾಳಿ 55 ಡಿಗ್ರಿಗೆ ಬಿಸಿಯಾದರೆ ಸುಮಾರು ಶೇ 8ರಷ್ಟು ತೆಳುವಾಗುತ್ತದೆ. ಪವರ್ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಆದರೂ ಇಳಿಯುವುದು ನಿಜ. ಅಂಗಡಿಯವರು ಇಲ್ಲಿವರೆಗೆ ಹೇಳುವುದೆಲ್ಲ ಸರಿ.

ಆದರೆ ಕಂಪನಿಯವರು ಕೊಟ್ಟ ಪೈಪು ಬಿಸಿ ಗಾಳಿ ಎಳೆಯುತ್ತದೆ ಅಂತ ಹೇಳಿದವರು ಯಾರು? ಇವತ್ತೇ ಬಾನೆಟ್ ಎತ್ತಿ ನೋಡಿ. ಏರ್ ಫಿಲ್ಟರ್ ಇರುವ ಕರಿ ಡಬ್ಬಿಯಿಂದ ಮುಂದಕ್ಕೆ ಹೋಗುವ ಪೈಪು ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ಹುಡುಕಿ. ಈಗಿನ ಬಹುಪಾಲು ಕಾರುಗಳಲ್ಲಿ ಅದರ ಬಾಯಿ ಗ್ರಿಲ್ಲಿನ ಮೇಲ್ತುದಿಯಲ್ಲೋ ಹೆಡ್‌ಲೈಟಿನ ಹಿಂದೆಯೋ ಫೆಂಡರ್ ಒಳಗೋ ಇರುತ್ತದೆ. ಹೊರಗಿನ ಗಾಳಿ ನೇರ ಸಿಗುವ ಜಾಗ. ಅಂದರೆ ನಿಮ್ಮ ಕಾರಿನಲ್ಲಿ ಈಗಾಗಲೇ ಕೋಲ್ಡ್ ಏರ್ ಇನ್‌ಟೇಕ್ ಇದೆ. ಮಿಂಚುವುದಿಲ್ಲ, ಅಷ್ಟೇ.

ನಾನು ಮಾಡಿದ್ದೇನು? ಆ ಡಬ್ಬಿ ಕಿತ್ತು ಹಾಕಿ, ಫಿಲ್ಟರನ್ನು ಎಂಜಿನ್ ಪಕ್ಕ ಬರಿಮೈಯಲ್ಲಿ ನಿಲ್ಲಿಸಿದೆ. ರೇಡಿಯೇಟರ್ ಫ್ಯಾನು ಬಿಸಿ ಗಾಳಿ ತಳ್ಳುವುದು ಅಲ್ಲಿಗೇ. ಕಿಟ್ ಬಂದ ಪೆಟ್ಟಿಗೆ ಮೇಲೆ ಕೋಲ್ಡ್ ಅಂತ ಬರೆದಿತ್ತು, ಎಳೆಯುತ್ತಿದ್ದದ್ದು ಬಚ್ಚಲ ಒಲೆಯ ಮುಂದಿನ ಗಾಳಿ. ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಒಂದು ಸಣ್ಣ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಒಳಗೆ ಹೋಗುವ ಗಾಳಿಯ ಉಷ್ಣತೆ ಮೊಬೈಲಿನಲ್ಲೇ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದ ಬಿ.ಎಚ್. ರಸ್ತೆ ಟ್ರಾಫಿಕ್ಕಿನಲ್ಲಿ ನೋಡಿದೆ. ಹೊರಗೆ 36, ಒಳಗೆ 58. ಮಾರನೇ ವಾರ ಹಳೇ ಡಬ್ಬಿ ವಾಪಸ್ ಹಾಕಿ ಅದೇ ದಾರಿ, ಅದೇ ಹೊತ್ತು: 47. ಹೈವೇಯಲ್ಲಿ 60ರ ವೇಗಕ್ಕೆ ಬಂದ ಮೇಲೆ ಎರಡೂ ಹತ್ತಿರ ಹತ್ತಿರ ಬಂದವು.

ಇನ್ನು "ಗಾಳಿ ಫ್ರೀಯಾಗಿ ಹೋಗುತ್ತದೆ" ಎನ್ನುವ ಮಾತು. ಇದಕ್ಕೆ ಲೆಕ್ಕ ಹಾಕಬಹುದು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಅಳತೆಯಷ್ಟು ಗಾಳಿ ಎಳೆಯುತ್ತದೆ. 1.2 ಲೀಟರ್ ಎಂಜಿನ್ ನಿಮಿಷಕ್ಕೆ 6,000 ಸುತ್ತಿನಲ್ಲಿ, ಅಂದರೆ 6,000 ಆರ್‌ಪಿಎಂನಲ್ಲಿ ಹೆಚ್ಚೆಂದರೆ ನಿಮಿಷಕ್ಕೆ 3,600 ಲೀಟರ್ ಎಳೆಯಬಹುದು. ಕಂಪನಿಯ ಪೈಪು, ಫಿಲ್ಟರ್ ಎರಡನ್ನೂ ಮಾಡಿರುವುದು ಆ 3,600ಕ್ಕೆ. ನೀವು ಘಾಟಿಯಲ್ಲಿ 2,500ರಲ್ಲಿ ಗುಂಯ್‌ಗುಡುತ್ತಾ ಹತ್ತುವಾಗ ಬೇಕಾಗುವುದು 1,500 ಮಾತ್ರ. ಪೂರ್ತಿ ಒತ್ತಿ ಓಡಿಸಿದಾಗಲೂ ಶುಚಿಯಾದ ಫಿಲ್ಟರ್ ತಡೆಯುವುದು ಗಾಳಿಯ ಒತ್ತಡದಲ್ಲಿ ಶೇ 1ರಿಂದ 2ರಷ್ಟು. ಫಿಲ್ಟರನ್ನೇ ಕಿತ್ತು ಬಿಸಾಡಿದರೂ 80 ಎಚ್‌ಪಿ ಎಂಜಿನ್ನಿಗೆ ಒಂದು, ಒಂದೂವರೆ ಎಚ್‌ಪಿ ಸಿಕ್ಕೀತು. ಮೊದಲೇ ಹೇಳಿದ ಒಂದೂವರೆ ಬಂದದ್ದು ಇಲ್ಲಿಂದ.

ಅದೂ ಆಕ್ಸಿಲರೇಟರ್ ನೆಲಕ್ಕೆ ಮುಟ್ಟಿಸಿದಾಗ ಮಾತ್ರ. ಅರ್ಧ ಒತ್ತಿದಾಗ ಥ್ರಾಟಲ್ ಅನ್ನುವ ಬಿಲ್ಲೆಯೇ ದಾರಿ ಅರ್ಧ ಮುಚ್ಚಿರುತ್ತದೆ. ಪೆಟ್ರೋಲ್ ಎಂಜಿನ್ನಿನ ವೇಗ ಹಿಡಿತಕ್ಕೆ ಬರುವುದೇ ಹಾಗೆ ಗಾಳಿ ತಡೆಯುವುದರಿಂದ. ಅದರ ಮುಂದಿನ ಪೈಪು ಎಷ್ಟು ದಪ್ಪ ಇದ್ದರೇನು? ಮನೆ ಬಾಗಿಲು ಅರ್ಧ ಮುಚ್ಚಿಟ್ಟು ತೋಟದ ದಣಪೆ ಅಗಲ ಮಾಡಿಸಿದ ಹಾಗೆ.

ಅಲ್ಲ, ನನಗೆ ಓಡಿಸುವಾಗ ಗೊತ್ತಾಯಿತಲ್ಲ ಅಂತ ಕಿಟ್ ಹಾಕಿಸಿಕೊಂಡ ಪ್ರತಿಯೊಬ್ಬರೂ ಹೇಳುತ್ತಾರೆ. ನಾನೂ ಹೇಳಿದ್ದೆ. ಒಂದು ಭಾನುವಾರ ಬೆಳಗ್ಗೆ ಮೇಗರವಳ್ಳಿ ಕಡೆ ಒಂದು ಖಾಲಿ ನೇರ ದಾರಿಯಲ್ಲಿ ಗೆಳೆಯನನ್ನು ಪಕ್ಕ ಕೂರಿಸಿಕೊಂಡು ಮೂರನೇ ಗಿಯರಿನಲ್ಲಿ 40ರಿಂದ 80ಕ್ಕೆ ಏರಲು ಎಷ್ಟು ಹೊತ್ತು ಅಂತ ಅಳೆದೆವು. ಕಿಟ್ ಜೊತೆ ಐದು ಸಲ. ಅಲ್ಲೇ ಬಿಚ್ಚಿ, ಹಳೆಯದು ಹಾಕಿ ಮತ್ತೆ ಐದು ಸಲ. ಎಲ್ಲ ಹತ್ತೂ 9 ಮತ್ತು 9.5 ಸೆಕೆಂಡಿನ ಒಳಗೆ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳಿನ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಇದ್ದೀತು. ಗೊತ್ತಾದದ್ದು ಕಿವಿಗೆ. ಕಂಪನಿಯ ಪೈಪಿಗೆ ಅಂಟಿಕೊಂಡ ಖಾಲಿ ಡಬ್ಬಿಗಳಿರುತ್ತವಲ್ಲ, ರೆಸೊನೇಟರ್ ಅಂತ, ಅವು ಗಾಳಿ ಎಳೆಯುವ ಶಬ್ದ ತಗ್ಗಿಸಲು ಇರುವುದು. ಅವನ್ನು ತೆಗೆದರೆ ಎಂಜಿನ್ ಗರ್ಜಿಸುತ್ತದೆ, ನಮಗೆ ಕಾರು ಹಾರಿದ ಹಾಗೆ ಅನ್ನಿಸುತ್ತದೆ. ಆ ಶಬ್ದವೇ ಬೇಕು ಅಂದರೆ ಅದು ಬೇರೆ ಮಾತು. ನನಗೂ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ.

ಇದರಿಂದ ನಿಜವಾಗಿ ಪ್ರಯೋಜನ ಇರುವ ಕಾರುಗಳೂ ಇವೆ. ಟರ್ಬೊ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ (ರೀಮ್ಯಾಪ್) ಟರ್ಬೊ ಒತ್ತುವ ಗಾಳಿ ಏರಿಸಿದರೆ ಕಂಪನಿಯ ಪೈಪು ಸಾಲದೆ ಬರಬಹುದು, ಆಗ ದೊಡ್ಡದು ಬೇಕಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಓಡುವ ರ‍್ಯಾಲಿ ಕಾರುಗಳಲ್ಲಿ ಎಂಜಿನ್ನಿನ ಒಳಗಿನ ಎಷ್ಟೋ ಸಾಮಾನು ಬದಲಾಗಿರುತ್ತದೆ, ಪೈಪು ಅದರಲ್ಲಿ ಒಂದು. ಅಂಥ ಕಾರಿನ ಫೋಟೊ ತೋರಿಸಿ ನಮಗೆ ಪೈಪು ಮಾರುತ್ತಾರೆ.

ಇಷ್ಟಾದರೂ 6,500 ಹೋಯ್ತು ಅಂತ ಸುಮ್ನಿರಬಹುದಿತ್ತು. ನಾನು ಅದನ್ನು ಬಿಚ್ಚಿಸಿದ್ದು ಬೇರೆ ಎರಡು ಕಾರಣಕ್ಕೆ. ಎರಡೂ ನಮ್ಮ ಮಲೆನಾಡಿನವು.

ಮೊದಲನೆಯದು ಧೂಳು. ನಮ್ಮ ಮನೆಗೆ ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಮಾರ್ಚ್ ಬಂದರೆ ಮುಂದಿನ ಗಾಡಿ ಎಬ್ಬಿಸಿದ ಕೆಂಪು ಹುಡಿಯಲ್ಲಿ ದಾರಿ ಕಾಣುವುದಿಲ್ಲ. ಕಿಟ್ ಹಾಕಿ ಮೂರು ತಿಂಗಳಾದ ಮೇಲೆ ಒಂದು ದಿನ ಕ್ಲಿಪ್ ಸಡಿಲಿಸಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಹಳೇ ಬಿಳಿ ಪಂಚೆಯ ಚೂರು ಹಾಕಿ ಒರೆಸಿದೆ. ಬಟ್ಟೆ ಕೆಂಪಾಗಿ ಬಂತು. ಅಲ್ಲಿ ಧೂಳೇ ಇರಬಾರದು. ಫಿಲ್ಟರ್ ದಾಟಿದ್ದು ಸೀದಾ ಸಿಲಿಂಡರಿಗೆ ಹೋಗಿ ಮರಳು ಕಾಗದದ ಹಾಗೆ ರಿಂಗು, ಗೋಡೆ ಎಲ್ಲ ಉಜ್ಜುತ್ತದೆ. ಗಾಳಿ ಸಲೀಸಾಗಿ ಬಿಡುವ ಬಲೆ ಸಣ್ಣ ಧೂಳನ್ನೂ ಸಲೀಸಾಗಿ ಬಿಡುತ್ತದೆ. ಅದಕ್ಕೇ ಕಾಟನ್ ಫಿಲ್ಟರಿಗೆ ಎಣ್ಣೆ ಸವರುವುದು. ಎಣ್ಣೆ ಕಮ್ಮಿಯಾದರೆ ಧೂಳು ಒಳಗೆ. ಜಾಸ್ತಿಯಾದರೆ, ಒಳಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಎಣ್ಣೆ ಅದರ ಬಿಸಿ ತಂತಿಗೆ ಮೆತ್ತಿ ಗಾಳಿಯ ಲೆಕ್ಕವೇ ತಪ್ಪುತ್ತದೆ. ಕಾಗದದ ಫಿಲ್ಟರಿಗೆ ಈ ರಗಳೆ ಇಲ್ಲ.

ಎರಡನೆಯದು ನೀರು. ಇದು ನನ್ನ ಕಾರಿಗೆ ಆದದ್ದಲ್ಲ, ಹೊಸನಗರ ಕಡೆಯ ಗೆಳೆಯನಿಗೆ ಆದದ್ದು. ಅವನು ನನ್ನ ಹಾಗೆ ಮೋಸ ಹೋಗಿರಲಿಲ್ಲ, ನಿಜವಾಗಿಯೂ ತಣ್ಣನೆ ಗಾಳಿ ಎಳೆಯುವ ಉದ್ದ ಪೈಪೇ ಹಾಕಿಸಿದ್ದ. ಅಂಥ ಕಿಟ್‌ನಲ್ಲಿ ತಣ್ಣನೆ ಗಾಳಿಗೆ ಅಂತ ಫಿಲ್ಟರನ್ನು ಕೆಳಗೆ ಬಂಪರಿನ ಹಿಂದೆ ಇಳಿಸಿರುತ್ತಾರೆ. ಜುಲೈ ತಿಂಗಳು, ಹಳ್ಳ ತುಂಬಿ ಮೋರಿಯ ಮೇಲೆ ಮುಕ್ಕಾಲು ಅಡಿ ನೀರು. ಮುಂದಿನ ಎರಡು ಕಾರು ನಿಧಾನಕ್ಕೆ ದಾಟಿದವು. ಇವನದು ನಡುವೆ ಟಕ್ ಅಂತ ನಿಂತಿತು. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದ. ಆಮೇಲೆ ಎಂಜಿನ್ ಬಿಚ್ಚಿದಾಗ ಪಿಸ್ಟನ್ ಹಿಡಿದಿರುವ ಎರಡು ಕನೆಕ್ಟಿಂಗ್ ರಾಡ್ ಸೊಟ್ಟಗಾಗಿದ್ದವು.

ಎಷ್ಟು ನೀರು ಸಾಕು ಗೊತ್ತಾ ಇದಕ್ಕೆ? 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಒಂದಕ್ಕೆ 300 ಮಿಲಿ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ ಅಮುಕುವ ಪ್ರಮಾಣ, 11ಕ್ಕೆ 1 ಅಂತ ಇಟ್ಟುಕೊಂಡರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಮಿಲಿ. ಒಂದು ಸ್ಮಾಲ್ ಪೆಗ್! ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವಿಲ್ಲ. ಗಾಳಿ ಅಮುಕಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಆಗ ಬಗ್ಗುವುದು ರಾಡು. ಹೀಗೆ ನೀರು ಕುಡಿದು ಕೆಟ್ಟ ಎಂಜಿನ್ನಿಗೆ, ಎಂಜಿನ್ ಪ್ರೊಟೆಕ್ಷನ್ ಅನ್ನುವ ಆಡ್-ಆನ್ ತೆಗೆದುಕೊಂಡಿರದಿದ್ದರೆ, ವಿಮೆಯವರು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅವನ ಹತ್ತಿರ ಇರಲಿಲ್ಲ. ಕಿಟ್ ಇರಲಿ ಬಿಡಲಿ, ನೀರಿನಲ್ಲಿ ಕಾರು ನಿಂತರೆ ಸೆಲ್ಫ್ ಹೊಡೆಯಬೇಡಿ. ಇಳಿದು ತಳ್ಳಿಸಿ. ಕಂಪನಿಯವರು ಗಾಳಿಯ ಬಾಯನ್ನು ಮೇಲೆ ಇಟ್ಟಿರುವುದು ಇದೇ ಭಯಕ್ಕೆ. ಕೆಲವು ಜೀಪುಗಳಲ್ಲಿ ಗಾಜಿನ ಪಕ್ಕ ಕೊಳವೆ ಏರಿಸಿಕೊಂಡಿರುತ್ತಾರಲ್ಲ, ಅದೂ ಮುಖ್ಯವಾಗಿ ನೀರು, ಧೂಳಿನಿಂದ ತಪ್ಪಿಸಿಕೊಳ್ಳಲು. ಪವರಿಗಲ್ಲ.

ಹಾಗಾದರೆ ಘಾಟಿಯಲ್ಲಿ ದಮ್ ಯಾಕೆ ಸಾಲುವುದಿಲ್ಲ? ಒಂದು ಕಾರಣ ನಮ್ಮ ಕೈಯಲ್ಲಿಲ್ಲ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 7ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಮೇಲೆ ಹತ್ತುತ್ತಾ ಕಳೆದುಕೊಳ್ಳುವುದು ಪೈಪು ಕೊಡುವುದಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ನಮ್ಮ ಕೈಯಲ್ಲೇ ಇದೆ: ಗಿಯರ್. ನಮ್ಮಂಥ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಟಾರ್ಕ್, ಅಂದರೆ ಎಳೆಯುವ ಬಲ, ಚೆನ್ನಾಗಿ ಸಿಗುವುದು 4,000 ಆರ್‌ಪಿಎಂ ಆಸುಪಾಸಿನಲ್ಲಿ. ಮೈಲೇಜ್ ಹೋದೀತು, ಎಂಜಿನ್ ಕಿರುಚೀತು ಅಂತ ಹೆದರಿ ನಾವು ಮೂರನೇ ಗಿಯರಿನಲ್ಲಿ 1,800ಕ್ಕೆ ಎಳೆಯುತ್ತೇವೆ. ಹೇರ್‌ಪಿನ್ ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಿ, 3,500ರಲ್ಲಿ ಹಾಡಲು ಬಿಡಿ. ಎಂಜಿನ್ನಿಗೆ ಏನೂ ಆಗುವುದಿಲ್ಲ. ಕಡಿದಾದ ಕಡೆ ಎಸಿ ಎರಡು ನಿಮಿಷ ಆರಿಸಿ, ಅದರ ಕಂಪ್ರೆಸರ್ ಕೂಡ ಎಂಜಿನ್ನಿನ ಬಲವನ್ನೇ ತಿನ್ನುವುದು. ಘಾಟಿಯಲ್ಲಿ ಎಸಿ ಯಾಕೆ ಬೇಕು, ಕಿಟಕಿ ಇಳಿಸಿ.

ಏರ್ ಫಿಲ್ಟರ್ ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತಲೂ ನೋಡಿ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಈಗಿನ ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಏನೂ ಹೆಚ್ಚುವುದಿಲ್ಲ, ಆದರೆ ಪಿಕಪ್ ಶೇ 6ರಿಂದ 11ರಷ್ಟು ಸುಧಾರಿಸುತ್ತದೆ ಅಂತ ಕಂಡುಬಂತು. ಅಂದರೆ ಮಣ್ಣು ತುಂಬಿದ ಫಿಲ್ಟರ್ ತೆಗೆದು ಕೆಲವೇ ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರ್ ಹಾಕಿದರೆ ಸಿಗುವಷ್ಟೂ ನನ್ನ ಕಿಟ್‌ನಲ್ಲಿ ಸಿಗಲಿಲ್ಲ. ಮಣ್ಣು ದಾರಿಯವರು ಕಂಪನಿ ಹೇಳಿದ ಕಿಲೋಮೀಟರ್ ಆಗುವ ತನಕ ಕಾಯಬಾರದು. ನಾನು ಬೇಸಿಗೆ ಮುಗಿದ ಕೂಡಲೇ ಒಂದು ಹೊಸದು ಹಾಕಿಸಿಬಿಡುತ್ತೇನೆ.

ಮುಂದಿನ ಸಲ ಕುಂದಾಪುರದಿಂದ ಬರುವಾಗ ಹೊಸಂಗಡಿ ದಾಟಿ ಘಾಟಿ ಶುರುವಾದಲ್ಲಿಂದಲೇ ಹೀಗೆ ಓಡಿಸಿ ನೋಡಿ. ಆಮೇಲೂ ಎಳೆಯುವುದಿಲ್ಲ ಅನ್ನಿಸಿದರೆ ಕಾರು ಯಾವುದು, ಎಷ್ಟು ಓಡಿದೆ, ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು ಅಂತ ಇಲ್ಲೇ ಬರೆಯಿರಿ. ಆರ್‌ಪಿಎಂ ಏರಿದರೂ ವೇಗ ಏರುತ್ತಿಲ್ಲ ಅಂತಾದರೆ ಅದನ್ನು ಮುಖ್ಯವಾಗಿ ಹೇಳಿ. ಹಾಗಾದರೆ ಅದು ಗಾಳಿಯ ವಿಷಯವೇ ಅಲ್ಲ, ಕ್ಲಚ್ ಸವೆದಿರುತ್ತದೆ.